ನಾಲ್ಕು ವರ್ಷ ನಿಂತಿದ್ದ ಟೂ-ಸ್ಟ್ರೋಕ್ ಡರ್ಟ್ ಬೈಕ್: ಕಿಕ್ ಹೊಡೆಯುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಅಣ್ಣಾ, ಸೆಕೆಂಡ್ ಹ್ಯಾಂಡ್ 125 ಸಿಸಿ ಟೂ-ಸ್ಟ್ರೋಕ್ ಡರ್ಟ್ ಬೈಕ್ ತಗೊಂಡಿದ್ದೇನೆ. ನಾಲ್ಕು ವರ್ಷ ಶೆಡ್‌ನಲ್ಲೇ ನಿಂತಿತ್ತಂತೆ. ಕಿಕ್ಕರ್ ಒತ್ತಿದರೆ ಇಂಜಿನ್ ತಿರುಗುತ್ತೆ, ಜಾಮ್ ಆಗಿಲ್ಲ. ಟ್ಯಾಂಕ್‌ನಲ್ಲಿರುವ ಹಳೇ ಪೆಟ್ರೋಲ್ ವಾರ್ನಿಶ್ ಥರ ನಾರುತ್ತಿದೆ. ಮಾರಿದವರು "ಹೊಸ ಪೆಟ್ರೋಲ್, ಹೊಸ ಪ್ಲಗ್ ಹಾಕಿ ಕಿಕ್ ಹೊಡೀರಿ, ಸ್ಟಾರ್ಟ್ ಆಗುತ್ತೆ" ಅಂದರು. ಹಾಗೇ ಮಾಡಲಾ?

ಉತ್ತರ: ಸ್ಟಾರ್ಟ್ ಆಗಬಹುದು, ತೊಂದರೆ ಇರುವುದೇ ಅಲ್ಲಿ. ಒಳಗೆ ಹಾಳಾಗಿರುವ ಟೂ-ಸ್ಟ್ರೋಕ್ ಕೂಡ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಫುಲ್ ಥ್ರಾಟಲ್ ಕೊಟ್ಟಾಗ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್‌ನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಸದ್ಯಕ್ಕೆ ಕಿಕ್ಕರ್ ಮುಟ್ಟಬೇಡಿ.

ಮೊದಲು ಏರ್ ಬಾಕ್ಸ್ ಬಿಚ್ಚಿ. ಹಳೇ ಫೋಮ್ ಫಿಲ್ಟರ್ ಬೆರಳು ತಾಗಿಸಿದರೆ ಪುಡಿಯಾಗುತ್ತದೆ. ಆ ಪುಡಿ ಕಾರ್ಬುರೇಟರ್ ದಾಟಿ ನೇರ ಇಂಜಿನ್ ಒಳಗೆ ಹೋಗುತ್ತದೆ. ತೊಳೆಯುವ ಯೋಚನೆ ಬಿಡಿ, ಹೊಸದು ಹಾಕಿ. ಅದಕ್ಕೆ ಫಿಲ್ಟರ್ ಆಯಿಲ್ ಹಚ್ಚುವುದು ಮರೆಯಬೇಡಿ. ಒಣ ಫೋಮ್ ಧೂಳು ತಡೆಯುವುದಿಲ್ಲ. ಏರ್ ಬಾಕ್ಸ್ ಒಳಗೆ ಇಲಿ ಗೂಡು ಕಟ್ಟಿದೆಯಾ ಅಂತಲೂ ನೋಡಿ, ನಗಬೇಡಿ, ಇರುತ್ತದೆ.

ಆಮೇಲೆ ಎಕ್ಸಾಸ್ಟ್ ಪೈಪ್ ತೆಗೆದು, ಪೋರ್ಟ್ ಒಳಗೆ ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಲ್ಲೇ ನಿಧಾನವಾಗಿ ಒತ್ತುತ್ತಾ ಪಿಸ್ಟನ್ ನೋಡಿ. ಮೇಲಿಂದ ಕೆಳಗೆ ಆಳವಾದ ಗೀರು ಕಂಡರೆ ಸಿಲಿಂಡರ್ ಬಿಚ್ಚಲೇಬೇಕು.

ಕಾರ್ಬುರೇಟರ್ ಪೂರ್ತಿ ಬಿಚ್ಚಿ. ಪೈಲಟ್ ಜೆಟ್‌ನ (ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ನಳಿಕೆ) ತೂತು ತುಂಬಾ ಸಣ್ಣದು, ಹಳೇ ಪೆಟ್ರೋಲ್ ಮೊದಲು ಮುಚ್ಚುವುದು ಅದನ್ನೇ. ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್ ಸ್ಪ್ರೇ, ಗಾಳಿ ಸಾಕು. ವಾಪಸ್ ಕೂರಿಸಿದ ಮೇಲೆ ಥ್ರಾಟಲ್ ತಿರುಗಿಸಿ ಬಿಡಿ. ಕಾರ್ಬುರೇಟರ್ ಒಳಗೆ ಗಾಳಿ ದಾರಿ ತೆರೆದು ಮುಚ್ಚುವ ಸ್ಲೈಡ್ ಟಕ್ ಅಂತ ಕೆಳಗೆ ಬೀಳಬೇಕು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿಯೂ ನೋಡಿ. ಸ್ಲೈಡ್ ಸಿಕ್ಕಿಕೊಂಡ ಗಾಡಿ ಸ್ಟಾರ್ಟ್ ಆದರೆ ಹಿಡಿಯೋಕೆ ಆಗಲ್ಲ.

ಪ್ರಶ್ನೆ: ಪಿಸ್ಟನ್ ನೀಟಾಗಿದೆ ಅಣ್ಣಾ. ಮ್ಯಾನುಯಲ್‌ನಲ್ಲಿ ಪೆಟ್ರೋಲ್-ಆಯಿಲ್ 32:1 ಅಂತಿದೆ. ಸೇಫ್ ಆಗಿರಲಿ ಅಂತ ಆಯಿಲ್ ಜಾಸ್ತಿ ಹಾಕಲಾ?

ಉತ್ತರ: ಬೇಡ. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಜೆಟ್‌ನಿಂದ ಹೋಗುವುದು ಹೆಚ್ಚು ಕಡಿಮೆ ಅಷ್ಟೇ ಮಿಶ್ರಣ. ಅದರಲ್ಲಿ ಆಯಿಲ್ ಜಾಸ್ತಿ ಆದರೆ ಪೆಟ್ರೋಲ್ ಕಮ್ಮಿ ಆಗುತ್ತದೆ, ಅಂದರೆ ಇಂಜಿನ್ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದ) ಕಡೆಗೆ ವಾಲುತ್ತದೆ. 32:1 ಅಂದರೆ ಲೀಟರ್ ಪೆಟ್ರೋಲಿಗೆ ಸುಮಾರು 31 ಎಂಎಲ್ ಆಯಿಲ್. ಅಳತೆ ಪಾತ್ರೆಯಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ. ಹಳೇ ಪೆಟ್ರೋಲ್ ಒಂದು ಹನಿಯೂ ಟ್ಯಾಂಕಲ್ಲಿ ಉಳಿಯಬಾರದು.

ಈಗ ಮುಖ್ಯ ವಿಷಯ. ಟೂ-ಸ್ಟ್ರೋಕ್‌ನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ (ಇಂಜಿನ್ ಕೆಳಗೆ ಕ್ರ್ಯಾಂಕ್ ತಿರುಗುವ ಜಾಗ) ಬರುತ್ತದೆ, ಅಲ್ಲಿಂದ ಮೇಲೆ ಹೋಗುತ್ತದೆ. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಒಣಗಿ ನಿಂತರೆ ಅದು ಗಟ್ಟಿಯಾಗುತ್ತದೆ. ಒಂದು ತುದಿಯಲ್ಲಿ ಇಗ್ನಿಷನ್ ಮ್ಯಾಗ್ನೆಟ್, ಇನ್ನೊಂದು ತುದಿಯಲ್ಲಿ ಕ್ಲಚ್ ಇರುತ್ತದೆ. ಮ್ಯಾಗ್ನೆಟ್ ಕಡೆ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಬೇಗ ಇಳಿಯುವುದಿಲ್ಲ, ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಜೆಟ್ ಎಷ್ಟು ಬದಲಾಯಿಸಿದರೂ ಇದು ಸರಿಹೋಗುವುದಿಲ್ಲ. ಹಾಗಾಗಿ ಲೀಕ್-ಡೌನ್ ಟೆಸ್ಟ್ ಮಾಡಿಸಿ. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ, ಸುಮಾರು 6 ಪಿಎಸ್ಐ ಗಾಳಿ ತುಂಬಿ ಕೆಲವು ನಿಮಿಷ ಗೇಜ್ ಮುಳ್ಳು ನೋಡಬೇಕು. ಇಳಿದರೆ ಸೋಪು ನೀರು ಹಚ್ಚಿ, ಗುಳ್ಳೆ ಬಂದ ಕಡೆ ಲೀಕ್ ಇದೆ. 6ಕ್ಕಿಂತ ತುಂಬಾ ಜಾಸ್ತಿ ತುಂಬಿದರೆ ಚೆನ್ನಾಗಿರುವ ಸೀಲೇ ಕಿತ್ತು ಬರುತ್ತದೆ, ಹುಷಾರು.

ನನ್ನನ್ನು ಕೇಳಿದರೆ ಕಂಪ್ರೆಷನ್ ಗೇಜ್‌ಗಿಂತ ಈ ಟೆಸ್ಟ್ ಮುಖ್ಯ. ಕಂಪ್ರೆಷನ್ ಗೇಜ್ ಪಿಸ್ಟನ್ ರಿಂಗ್, ಸಿಲಿಂಡರ್ ಸ್ಥಿತಿ ಹೇಳುತ್ತದೆ, ಕ್ರ್ಯಾಂಕ್ ಸೀಲ್ ಬಗ್ಗೆ ಹೇಳುವುದಿಲ್ಲ.

ಇನ್ನೊಬ್ಬರು: ಸರ್, ಮಧ್ಯದಲ್ಲಿ ಕೇಳುತ್ತಿದ್ದೇನೆ. ನನ್ನ ಗಾಡಿಯಲ್ಲಿ ಹೊಗೆ ವಿಪರೀತ. ಗೇರ್ ಆಯಿಲ್ ಕಮ್ಮಿ ಆಗುತ್ತಿದೆ, ಆದರೆ ಕೆಳಗೆ ಒಂದು ಹನಿಯೂ ಬಿದ್ದಿಲ್ಲ.

ಉತ್ತರ: ಹೆಚ್ಚಾಗಿ ಕ್ರ್ಯಾಂಕ್‌ನ ಕ್ಲಚ್ ಕಡೆ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಆಯಿಲನ್ನು ಇಂಜಿನ್ ಎಳೆದುಕೊಂಡು ಸುಡುತ್ತಿದೆ. ಹೊಗೆ ಸಿಹಿ ವಾಸನೆ ಹೊಡೆಯುತ್ತಿದ್ದರೆ, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಓ-ರಿಂಗ್ ನೋಡಿ.

ಪ್ರಶ್ನೆ: ಅಣ್ಣಾ, ಮ್ಯಾಗ್ನೆಟ್ ಕಡೆ ಸೀಲ್ ಲೀಕ್ ಇತ್ತು, ಬದಲಾಯಿಸಿದೆ. ಸ್ಟಾರ್ಟ್ ಆಯ್ತು! ಆದರೆ ಕ್ಲಚ್ ಹಿಡಿದು ಗೇರ್ ಹಾಕಿದರೂ ಗಾಡಿ ಮುಂದಕ್ಕೆ ಜಿಗಿದು ಆಫ್ ಆಗುತ್ತೆ.

ಉತ್ತರ: ನಿಂತು ನಿಂತು ಕ್ಲಚ್ ಪ್ಲೇಟ್ ಅಂಟಿಕೊಂಡಿವೆ. ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಬಿಡದಿದ್ದರೆ ಕವರ್ ತೆಗೆದು ಪ್ಲೇಟ್ ಬಿಡಿಸಿ. ಹೇಗಿದ್ದರೂ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿ, ವೆಟ್ ಕ್ಲಚ್‌ಗೆ (ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್) ಆಗುವ ಜಾಸೋ ಎಂಎ (JASO MA) ಗುರುತಿನದೇ ಇರಲಿ.

ಕೂಲೆಂಟ್, ಬ್ರೇಕ್ ಫ್ಲೂಯಿಡ್ ಹೊಸದು ಹಾಕಿ. ಸ್ಪೋಕ್ ಬಿಗಿ, ಚೈನ್ ಸಡಿಲ, ಟೈರ್ ಬಿರುಕು ನೋಡಿಕೊಳ್ಳಿ. ಇಂಜಿನ್ ಬಿಸಿಯಾಗುವ ತನಕ ಕಾಯಿರಿ, ಮೊದಲ ರೈಡ್‌ನಲ್ಲಿ ಫುಲ್ ಥ್ರಾಟಲ್ ಬೇಡ. ಬಂದ ಮೇಲೆ ಪ್ಲಗ್ ಬಿಚ್ಚಿ ಫೋಟೋ ಹಾಕಿ. ತುದಿ ತುಂಬಾ ಬೆಳ್ಳಗಿದ್ದರೆ ಇಂಜಿನ್ ಲೀನ್ ಓಡುತ್ತಿರಬಹುದು, ಮತ್ತೆ ಸ್ಟಾರ್ಟ್ ಮಾಡಬೇಡಿ, ಮೊದಲು ನನಗೆ ತೋರಿಸಿ.