‘ರ‍್ಯಾಬಿಟ್ ಆಂಟಿ-ಕೂ70’: ಈ ‘ಆಂಟಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಪದ ಹಿಡ್ಕೊಂಡು ಮೂರು ವಾರದಿಂದ ಒದ್ದಾಡ್ತಿದ್ದೀನಿ, ಬಲ್ಲವರು ದಯವಿಟ್ಟು ದಾರಿ ತೋರಿಸಿ. ಸ್ವಲ್ಪ ಉದ್ದ ಆಗುತ್ತೆ.

ನಾನಿರೋದು ಬೆಂಗಳೂರಿನ ಒಂದು ಲ್ಯಾಬಲ್ಲಿ. ಡಿಎನ್‌ಎ ಎಳೆ ತುಂಡಾದಾಗ ಜೀವಕೋಶ ಅದನ್ನ ಹೇಗೆ ರಿಪೇರಿ ಮಾಡ್ಕೊಳ್ಳುತ್ತೆ ಅಂತ ನೋಡೋದು ನಮ್ಮ ಕೆಲಸ. ಬೇಸಿಗೆ ರಜೆಗೆ ಬಿಎಸ್ಸಿ ಮಕ್ಕಳು ಬರ್ತಾರೆ, ಎಷ್ಟೋ ಜನ ಹೈಸ್ಕೂಲು ತನಕ ಕನ್ನಡ ಮೀಡಿಯಂ. ಅವರಿಗೋಸ್ಕರ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೀತಿದ್ದೀನಿ.

ನಮ್ಮ ಫ್ರಿಜ್ಜಲ್ಲಿ ಕಿರುಬೆರಳಿನಷ್ಟು ಉದ್ದದ ಎರಡು ಟ್ಯೂಬ್ ಇದೆ ಅನ್ಕೊಳ್ಳಿ. ಒಂದರ ಮೇಲೆ ‘ರ‍್ಯಾಬಿಟ್ ಆಂಟಿ-ಕೂ70’, ಇನ್ನೊಂದರ ಮೇಲೆ ‘ಗೋಟ್ ಆಂಟಿ-ರ‍್ಯಾಬಿಟ್’. ಮೊದಲನೆಯದು (ಪ್ರೈಮರಿ) ಮೊಲದ ಮೈಯಲ್ಲಿ ತಯಾರಾದ ಪ್ರತಿಕಾಯ (ಆಂಟಿಬಾಡಿ), ಕೂ70 ಅನ್ನೋ ರಿಪೇರಿ ಪ್ರೋಟೀನನ್ನ ಹುಡುಕಿ ಅಂಟ್ಕೊಳ್ಳುತ್ತೆ. ಎರಡನೆಯದು (ಸೆಕೆಂಡರಿ) ಆಡಿನ ಮೈಯಲ್ಲಿ ತಯಾರಾಗಿದ್ದು, ಮೊಲದಿಂದ ಬಂದ ಯಾವ ಪ್ರತಿಕಾಯ ಕಂಡ್ರೂ ಅಂಟುತ್ತೆ, ಇದಕ್ಕೆ ಬೆಳಕು ಬರಿಸೋ ಎಂಜೈಮ್ ಒಂದನ್ನ ಕಟ್ಟಿರ್ತಾರೆ. ಜೀವಕೋಶದ ಪ್ರೋಟೀನೆಲ್ಲ ಗಾತ್ರದ ಪ್ರಕಾರ ಬೇರೆ ಮಾಡಿ ಇಳಿಸಿದ ಮೆಂಬ್ರೇನ್ ಅನ್ನೋ ತೆಳು ಹಾಳೆಯನ್ನ ಹಾಲಿನ ಪುಡಿ ಕಲಸಿದ ನೀರಲ್ಲಿ ನೆನೆಸಿ (ಪ್ರತಿಕಾಯ ಕಂಡಕಂಡಲ್ಲಿ ಮೆತ್ಕೋಬಾರದು ಅಂತ), ಪ್ರೈಮರಿ ಹಾಕಿ ರಾತ್ರಿಯಿಡೀ ಕೋಲ್ಡ್ ರೂಮಲ್ಲಿ ಅಲ್ಲಾಡಿಸಿ, ಬೆಳಿಗ್ಗೆ ತೊಳೆದು, ಸೆಕೆಂಡರಿ ಹಾಕಿ ಮತ್ತೆ ತೊಳೆದ್ರೆ, 70 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ರ ಒಂದು ಸಣ್ಣ ಪಟ್ಟಿ ಕಾಣುತ್ತೆ. ಅದೇ ಕೂ70.

ಕೈಪಿಡಿಯ ಮೊದಲ ಕರಡಲ್ಲಿ ಎರಡನೇ ಟ್ಯೂಬಿಗೆ ನಾನು ‘ಮೊಲ-ವಿರೋಧಿ ಪ್ರತಿಕಾಯ (ಆಡು)’ ಅಂತ ಬರೆದಿದ್ದೆ. ಹೋದ ವರ್ಷ ಒಬ್ಬ ಹುಡುಗಿಗೆ ಆ ಕರಡನ್ನೇ ಕೊಟ್ಟಿದ್ದೆ. ಅವತ್ತು ಅವಳು ಹಾಕಿದ್ದ ಪ್ರೈಮರಿ ಮೊಲದ್ದಲ್ಲ, ಇಲಿದು. ‘ಮೊಲ-ವಿರೋಧಿ’ ಅಂದ್ರೆ ಮೊಲಕ್ಕೆ ಆಗಿಬರದ್ದು, ಹಾಗಾದ್ರೆ ಇಲಿದಕ್ಕೆ ಇದೇ ಸರಿ ಅಂತ ಲೆಕ್ಕ ಹಾಕಿ ಅದನ್ನೇ ಹಾಕಿದ್ದಾಳೆ. ಮೆಂಬ್ರೇನ್ ಪೂರ್ತಿ ಖಾಲಿ, ಎರಡು ದಿನದ ಕೆಲಸ ಹೋಯ್ತು. ಅವಳ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಕನ್ನಡದಲ್ಲಿ ವಿರೋಧಿ ಅಂದ್ರೆ ಹಾಗೇ ತಾನೆ ಅರ್ಥ? ತಪ್ಪಿದ್ದು ನನ್ನ ಪದ. ಅವಳ ಮುಖ ನೆನಪಾದ್ರೆ ಈಗಲೂ ಬೇಜಾರಾಗುತ್ತೆ.

‘ಪ್ರತಿಕಾಯ’ಕ್ಕೆ ನನ್ನ ತಕರಾರಿಲ್ಲ, ಕೋವಿಡ್ ಟೈಮಲ್ಲಿ ಪೇಪರಲ್ಲಿ ಓದಿ ಓದಿ ಎಲ್ಲರಿಗೂ ರೂಢಿಯಾಗಿದೆ. ಪಾಲ್ ಎರ್ಲಿಕ್ 1891ರಲ್ಲಿ ಜರ್ಮನ್‌ನಲ್ಲಿ ಬಳಸಿದ ‘ಆಂಟಿಕೋರ್ಪರ್’ ಇಂಗ್ಲಿಷಲ್ಲಿ ಆಂಟಿಬಾಡಿ ಆಗಿ, ನಮ್ಮಲ್ಲಿಗೆ ಬರೋ ಹೊತ್ತಿಗೆ ‘ಬಾಡಿ’ ಹೋಗಿ ‘ಕಾಯ’ ಆಗಿದೆ, ಅಲ್ಲಿ ಬಾಡಿ ಅಂದ್ರೆ ಮೈ ಅಂತಲ್ಲ ‘ಒಂದು ವಸ್ತು’ ಅಂತ ಅಷ್ಟೆ, ಇರಲಿ. ತೊಂದರೆ ಅಂದ್ರೆ, ರೋಗದ ವಿರುದ್ಧ ಹೋರಾಡೋದು ಅನ್ನೋ ಪೇಪರಿನ ಅರ್ಥ ಮಕ್ಕಳ ತಲೇಲಿ ಗಟ್ಟಿಯಾಗಿ ಕೂತಿದೆ. ನಮ್ಮ ಟ್ಯೂಬಲ್ಲಿರೋದು ಯಾವ ರೋಗದ ಮೇಲೂ ಹೋರಾಡಲ್ಲ, ಬರೀ ಗುರುತು ಹಿಡಿಯುತ್ತೆ.

ಕೂ ಕಥೆ ಕೇಳಿದ್ರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. 1981ರಲ್ಲಿ ಜಪಾನಿನಲ್ಲಿ ಮಿಮೋರಿ ಮತ್ತು ಜೊತೆಯವರು, ಸ್ನಾಯು ಉರಿಯೂತದ ಜೊತೆಗೆ ಚರ್ಮ ಬಿಗಿಯಾಗೋ ಕಾಯಿಲೆಯೂ ಇದ್ದ ರೋಗಿಗಳ ರಕ್ತ ಪರೀಕ್ಷೆ ಮಾಡ್ತಿದ್ರು, ಅದರಲ್ಲಿ ಆ ರೋಗಿಗಳದ್ದೇ ಜೀವಕೋಶದ ಒಂದು ಪ್ರೋಟೀನಿಗೆ ಅಂಟೋ ಪ್ರತಿಕಾಯ ಸಿಕ್ತು. ಒಬ್ಬ ರೋಗಿಯ ಹೆಸರಿನ ಮೊದಲ ಎರಡು ಅಕ್ಷರ ತಗೊಂಡು ಆ ಪ್ರೋಟೀನಿಗೆ ‘ಕೂ’ ಅಂತ ಹೆಸರಿಟ್ರು. ಅಂದ್ರೆ ಇಲ್ಲಿ ಪ್ರತಿಕಾಯ ಮೊದಲು ಸಿಕ್ಕಿದ್ದು, ಪ್ರೋಟೀನ್ ಆಮೇಲೆ! ಅದು ಡಿಎನ್‌ಎ ರಿಪೇರಿಯದ್ದು ಅಂತ ಖಚಿತವಾಗೋಕೆ 1990ರ ದಶಕ ಬರಬೇಕಾಯ್ತು. ಕೂ70, ಕೂ80 ಎರಡೂ ಸೇರಿ ಒಂದು ಉಂಗುರ, ಬೆರಳಿಗೆ ಉಂಗುರ ತುದಿಯಿಂದಲೇ ತೊಡಿಸೋ ಹಾಗೆ ಡಿಎನ್‌ಎ ಮುರಿದ ತುದಿಯಿಂದಲೇ ಇದು ಒಳಗೆ ಜಾರುತ್ತೆ, ಆಮೇಲೆ ಜೋಡಿಸೋ ಕೆಲಸದ ಉಳಿದ ಪ್ರೋಟೀನುಗಳನ್ನ ಅಲ್ಲಿಗೆ ಕರೆಸುತ್ತೆ.

ಇದನ್ನ ‘ಕು’ ಅಂತ ಬರೀಬೇಕೋ ‘ಕೂ’ ಅಂತಲೋ? ಜಪಾನಿ ಉಚ್ಚಾರಣೆ ಹ್ರಸ್ವ. ಆದ್ರೆ ‘ಕು ಪ್ರೋಟೀನ್’ ಅಂದ ತಕ್ಷಣ ಕುತಂತ್ರ, ಕುಖ್ಯಾತಿ ಸಾಲಿನ ಕೆಟ್ಟ ಪ್ರೋಟೀನ್ ಅನ್ಸುತ್ತೆ, ಪಾಪ ಅದು ಮಾಡೋದು ಇಷ್ಟು ಒಳ್ಳೆ ಕೆಲಸ. ಚುಕ್ಕಿ ಹಾಕಿದ್ರೆ ಕುಮಾರಿ ಆಗುತ್ತೆ. ಅದಕ್ಕೇ ದೀರ್ಘ ಮಾಡಿದ್ದೀನಿ, ತಪ್ಪಿದ್ರೆ ತಿದ್ದಿ.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ‘ಆಂಟಿ’ ಅಂತಲೇ ಕನ್ನಡ ಲಿಪಿಯಲ್ಲಿ ಇಟ್ರೆ ಮೊದಲು ನೆನಪಾಗೋದು ಪಕ್ಕದ ಮನೆ ಆಂಟಿ. ‘ಕೂ-ಹಿಡುಕ’ ಅಂತ ಯೋಚಿಸಿದೆ, ಆದ್ರೆ ‘ತಲೆಹಿಡುಕ’ ಇರೋವಾಗ ಆ ಪದ ಮಕ್ಕಳ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ. ತಲೆನೋವಿನ ಮಾತ್ರೆ ಅನ್ನೋ ಹಾಗೆ ‘ಕೂ70ರ ಪ್ರತಿಕಾಯ’ ಅನ್ನಬಹುದು, ಅಲ್ಲಿವರೆಗೆ ಸರಿ, ಆದ್ರೆ ‘ಮೊಲದ ಪ್ರತಿಕಾಯ’ ಅಂದ್ರೆ ಮೊಲದಿಂದ ಬಂದದ್ದೋ, ಮೊಲದ್ದನ್ನ ಹಿಡಿಯೋದೋ? ಎರಡೂ ಆಗುತ್ತೆ, ಮತ್ತೆ ಅದೇ ಗೊಂದಲ.

ದಾರಿ ಸಿಕ್ಕಿದ್ದು ನಮ್ಮಮ್ಮನ ಮಾತಲ್ಲಿ. ಫೋನಲ್ಲಿ ಯಾರ ಬಗ್ಗೆಯೋ ಹೇಳ್ತಾ ‘ಅವಳು ಕಡೂರಿನವಳು ಕಣೇ, ಹಾಸನಕ್ಕೆ ಕೊಟ್ಟಿರೋದು’ ಅಂದ್ರು. ಹುಟ್ಟಿದ ಊರು ಒಂದು ವಿಭಕ್ತಿಯಲ್ಲಿ, ಸೇರಿದ ಊರು ಇನ್ನೊಂದರಲ್ಲಿ, ಕೇಳಿದವರಿಗೆ ಯಾವ ಗೊಂದಲವೂ ಇಲ್ಲ! ಹಾಗೇ ಟ್ಯೂಬಿನ ಮೇಲೆ ‘ಮೊಲದ್ದು, ಕೂ70ಕ್ಕೆ’ ಮತ್ತು ‘ಆಡಿನದು, ಮೊಲದ್ದಕ್ಕೆ’ ಅಂತ ಬರೆದ್ರೆ ಹೇಗೆ? ‘ವಿರೋಧಿ’ಯೂ ಬೇಡ, ‘ಪ್ರತಿ’ಯೂ ಬೇಡ, ‘-ಕ್ಕೆ’ ಒಂದೇ ಆ ಕೆಲಸ ಮಾಡುತ್ತೆ. ಬರೆದು ಬಾಟಲಿಗೆ ಅಂಟಿಸಿ ನೋಡಿದೆ, ನನಗಂತೂ ಓದೋಕೆ ಸಲೀಸಾಗಿದೆ. ಆದ್ರೆ ವಾಕ್ಯದ ಮಧ್ಯೆ ಬಂದಾಗ ‘ಕೂ70ಕ್ಕೆ ಅಂಟುವ ಮೊಲದ ಪ್ರತಿಕಾಯ’ ಅಂತ ಉದ್ದ ಆಗುತ್ತೆ, ಅದಕ್ಕೊಂದು ಚಿಕ್ಕ ಸಮಾಸ ಯಾರಿಗಾದ್ರೂ ಹೊಳೆಯುತ್ತಾ?

ಇನ್ನೊಂದು. ಮೌಸ್, ರ‍್ಯಾಟ್ ಎರಡಕ್ಕೂ ನಾವು ಇಲಿ ಅಂತೀವಿ, ಲ್ಯಾಬಲ್ಲಿ ಅವೆರಡರ ಸೆಕೆಂಡರಿ ಬೇರೆ ಬೇರೆ. ಹೆಗ್ಗಣ ಅಂದ್ರೆ ಅದು ಬೇರೇನೇ ಪ್ರಾಣಿ. ಮೌಸಿಗೆ ‘ಸುಂಡಿಲಿ’ ಅಂದ್ರೆ ನಿಮ್ಮ ಕಡೆ ಒಪ್ಕೋತಾರಾ? ಊರು ಯಾವುದು ಅಂತಲೂ ಹೇಳಿ. ಈ ಸಲದ ಮಕ್ಕಳು ಬರೋಕೆ ಮೂರು ವಾರ ಇದೆ, ಅಷ್ಟರಲ್ಲಿ ಪ್ರಿಂಟ್ ಹಾಕಿಸಬೇಕು.