ಕುವೈತಿನಲ್ಲಿ ಹುಟ್ಟಿದ ಮಗು ಯಾವ ದೇಶದ್ದು?

ಸುರತ್ಕಲ್ ಮಾವ: ತಂಗಿಯ ಮಗಳು ಹುಟ್ಟಿದ್ದು ಕುವೈತಿನಲ್ಲಿ, ಈಗ 14 ತಿಂಗಳು. ಜನನ ಪತ್ರ ಉಂಟು, ಪಾಸ್‌ಪೋರ್ಟ್ ಇಲ್ಲ. ‘ಅಲ್ಲೇ ಹುಟ್ಟಿದ್ದಲ್ವಾ, ಅಲ್ಲಿಯದ್ದೇ ಆಗ್ತದೆ’ ಅಂತ ಭಾವ ಸುಮ್ಮನೆ ಕೂತರು. ಇಲ್ಲಿ ಅಮ್ಮ ಅಟ್ಟದಿಂದ ಹಳೆ ತೊಟ್ಟಿಲು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ಕಾಯ್ತಿದ್ದಾರೆ. ಮಗು ಎಲ್ಲಿಗೂ ಸೇರದ ಹಾಗೆ ಆಗ್ತದಾ?

ಉಡುಪಿ ವಕೀಲ: ಕುವೈತಿನಲ್ಲಿ ಪೌರತ್ವ ಬರುವುದು ಅಪ್ಪನಿಂದ, ಹುಟ್ಟಿದ ನೆಲದಿಂದ ಅಲ್ಲ ಮಾರಾಯ್ರೆ. ನಮ್ಮ 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ನೋಡಿ: 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವನ್ನು 1 ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹೆದರಬೇಡಿ, ದಾರಿ ಉಂಟು. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಅಪ್ಪ ಅಮ್ಮ ಬರೆದುಕೊಡಬೇಕು.

ಕದ್ರಿ ಓದುಗ: 1948ರ ಮಾನವ ಹಕ್ಕುಗಳ ಘೋಷಣೆಯ 15ನೇ ವಿಧಿ ಎಲ್ಲರಿಗೂ ರಾಷ್ಟ್ರೀಯತೆಯ ಹಕ್ಕು ಉಂಟು ಅನ್ನುತ್ತದೆ. ಕೊಡುವವರು ಯಾರು ಅಂತ ಮಾತ್ರ ಹೇಳುವುದಿಲ್ಲ! ಬೇರೆ ಗತಿಯಿಲ್ಲದ ಮಗುವಿಗೆ ಹುಟ್ಟಿದ ದೇಶವೇ ಕೊಡಬೇಕೆನ್ನುವುದು ವಿಶ್ವಸಂಸ್ಥೆಯ 1961ರ ಒಪ್ಪಂದ. ಅದಕ್ಕೆ ಭಾರತವೂ ಸೇರಿಲ್ಲ, ಕುವೈತೂ ಸೇರಿಲ್ಲ.

ಸುರತ್ಕಲ್ ಮಾವ: ಇದನ್ನೇ ಭಾವನಿಗೆ ಕಳಿಸಿದೆ. ನೀಲಿ ಗೀಟು ಬಿತ್ತು, ಉತ್ತರ ಇಲ್ಲ. ನಾಳೆ ರಾಯಭಾರ ಕಚೇರಿಗೆ ತಂಗಿಯೇ ಹೋಗ್ತಾಳಂತೆ.