ಹಳೆಯ ಆಲ್ಬಮ್‌ಗಳು ಮನೆಯ ಸ್ಟೀರಿಯೊದಲ್ಲಿ ಬೇರೆಯಾಗಿ ಕೇಳಿಸುತ್ತಿವೆ: ಕಾರಣ ಕಿವಿಯೋ, ಉಪಕರಣವೋ, ಆವೃತ್ತಿಯೋ?

ಪ್ರಶ್ನೆ: ಮಂದ್ರಸ್ಥಾಯಿ

ಹಲವು ವರ್ಷಗಳಿಂದ ನಾನು ಸಂಗೀತ ಕೇಳುತ್ತಿದ್ದುದು ಫೋನಿನಲ್ಲಿ, ಅದೂ ಬೇರೆ ಕೆಲಸದ ನಡುವೆ. ಈಚೆಗೆ ಅಟ್ಟ ಸೇರಿದ್ದ ಆಂಪ್ಲಿಫೈಯರ್, ಸ್ಪೀಕರ್‌ಗಳು, ಎಲ್‌ಪಿ ತಟ್ಟೆಗಳನ್ನು ನುಡಿಸುವ ಟರ್ನ್‌ಟೇಬಲ್ ಮತ್ತು ಸಿಡಿ ಪ್ಲೇಯರನ್ನು ಕೆಳಗಿಳಿಸಿ ಮತ್ತೆ ಜೋಡಿಸಿದ್ದೇನೆ. ಒಂದು ಕಾಲಕ್ಕೆ ಬಾಯಿಪಾಠವಾಗಿದ್ದ ಆಲ್ಬಮ್‌ಗಳನ್ನು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದೇನೆ. ಕೆಲವು ಆಲ್ಬಮ್‌ಗಳಲ್ಲಿ ಹಿಂದೆಂದೂ ಗಮನಿಸದ ವಿವರಗಳು ಕಿವಿಗೆ ಬೀಳುತ್ತಿವೆ: ಗಾಯಕಿ ಸಾಲನ್ನು ಎತ್ತಿಕೊಳ್ಳುವ ಮುನ್ನ ಉಸಿರೆಳೆದುಕೊಳ್ಳುವುದು, ಬೇಸ್ ತಂತಿಯ ಮೇಲೆ ಬೆರಳು ಜಾರುವ ಸದ್ದು. ಇನ್ನು ಕೆಲವು, ಅವು ನನಗೆ ಅತ್ಯಂತ ಪ್ರಿಯವಾದವೇ ಆಗಿದ್ದರೂ, ಈಗ ಸಪ್ಪೆಯೆನಿಸುತ್ತಿವೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’. ನನ್ನ ಬಳಿ ಅದರ ಹಳೆಯ ಎಲ್‌ಪಿಯೂ ಇದೆ, ಬಹಳ ಕಾಲದ ನಂತರ ಕೊಂಡ ಸಿಡಿಯೂ ಇದೆ. ಎಲ್‌ಪಿಯ ಮೊದಲ ಬದಿಯ ಶ್ರುತಿ ಸಿಡಿಗಿಂತ ತುಸು ಏರಿದೆ. ಟರ್ನ್‌ಟೇಬಲ್ ವೇಗವಾಗಿ ತಿರುಗುತ್ತಿರಬೇಕೆಂದುಕೊಂಡರೆ, ಎರಡನೆಯ ಬದಿಯ ಶ್ರುತಿ ಸಿಡಿಯೊಡನೆ ಸರಿಯಾಗಿ ಕೂಡುತ್ತದೆ. ಒಂದೇ ಯಂತ್ರ ಒಂದು ಬದಿಗೊಂದು ವೇಗದಲ್ಲಿ ತಿರುಗುವುದು ಹೇಗೆ ಸಾಧ್ಯ?

ಇನ್ನೆರಡು ತೊಡಕುಗಳಿವೆ. ನನಗಿಷ್ಟವಾದ ಒಂದು ರಾಕ್ ಆಲ್ಬಮ್ಮಿನ ರೀಮಾಸ್ಟರ್ (ಹಳೆಯ ಟೇಪನ್ನು ಹಸನುಗೊಳಿಸಿ ಹೊರತಂದ) ಸಿಡಿ ಮೊದಲ ಹಾಡಿನಲ್ಲಿ ಹಳೆಯದಕ್ಕಿಂತ ಭರ್ಜರಿಯಾಗಿ ಕೇಳಿಸಿದರೂ ಮೂರನೆಯ ಹಾಡಿನ ಹೊತ್ತಿಗೆ ನಿಲ್ಲಿಸಿಬಿಡೋಣ ಎನಿಸುತ್ತದೆ. ಜೊತೆಗೆ, ಯಾವ ಆಲ್ಬಮ್ ಹಾಕಿದರೂ ಬೇಸ್, ಅಂದರೆ ಮಂದ್ರದ ದನಿ, ತೆಳುವಾಗಿದ್ದು, ಎರಡು ಸ್ಪೀಕರ್‌ಗಳ ನಡುವೆ ನಿಲ್ಲಬೇಕಾದ ಗಾಯನ ಎಡಕ್ಕೆ ವಾಲುತ್ತದೆ. ಹೊಸದೇನನ್ನಾದರೂ ಕೊಳ್ಳುವ ಮುನ್ನ ಯಾವುದನ್ನು ಪರೀಕ್ಷಿಸಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ತ್ರಿಕೋನ

ನಿಮ್ಮ ಕೊನೆಯ ದೂರನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಸರಿಹೋಗುವವರೆಗೆ ಉಳಿದ ಯಾವ ಹೋಲಿಕೆಗೂ ಅರ್ಥವಿಲ್ಲ. ಬೇಸ್ ತೆಳುವಾಗಿರುವುದು ಮತ್ತು ಗಾಯನ ತನ್ನ ಜಾಗದಲ್ಲಿ ನಿಲ್ಲದಿರುವುದು, ಈ ಎರಡೂ ಒಟ್ಟಿಗೆ ಕಂಡಾಗ ಮೊದಲು ಸ್ಪೀಕರ್ ತಂತಿಗಳನ್ನು ನೋಡುವುದು ವಾಡಿಕೆ. ಒಂದು ಸ್ಪೀಕರಿನಲ್ಲಿ ಪ್ಲಸ್ ಮತ್ತು ಮೈನಸ್ ಅದಲು ಬದಲಾಗಿದ್ದರೆ, ಒಂದರ ಕೋನ್ (ಅದುರಿ ದನಿ ಹೊರಡಿಸುವ ಶಂಕು) ಮುಂದಕ್ಕೆ ಚಲಿಸುವಾಗ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಮಂದ್ರದ ಉದ್ದನೆಯ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆದರೆ ಅಂಥ ಸಂದರ್ಭದಲ್ಲಿ ದನಿ ಒಂದೇ ಕಡೆಗೆ ವಾಲುವುದಿಲ್ಲ, ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಂತೆ ಚದುರಿಹೋಗುತ್ತದೆ. ನಿಮ್ಮದು ಎಡಕ್ಕೆ ವಾಲುತ್ತಿರುವುದರಿಂದ ಬಲ ಸ್ಪೀಕರಿನ ಮೇಲೆಯೇ ನನಗೆ ಅನುಮಾನ. ಮುಂದಿನ ಬಟ್ಟೆಯ ಜಾಲರಿಯನ್ನು ತೆಗೆದು, ದೊಡ್ಡ ಕೋನಿನ ಸುತ್ತಲಿರುವ ಮೆತ್ತನೆಯ ಅಂಚನ್ನು ಬೆಳಕು ಹಿಡಿದು ನೋಡಿ. ಅದು ಫೋಮಿನದಾಗಿದ್ದರೆ, ಬಳಸಲಿ ಬಿಡಲಿ, ಕೆಲವು ದಶಕಗಳಲ್ಲಿ ತಾನಾಗಿಯೇ ಶಿಥಿಲವಾಗುತ್ತದೆ. ಹಾಗಾಗಿದ್ದರೆ ಸ್ಪೀಕರನ್ನು ಎಸೆಯಬೇಕಿಲ್ಲ, ಆ ಅಂಚನ್ನಷ್ಟೇ ಬದಲಿಸಬಹುದು.

ಸ್ಪೀಕರ್‌ಗಳನ್ನು ಇಡುವ ಜಾಗದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನನ್ನ ಮಟ್ಟಿಗೆ ಎರಡು ಸ್ಪೀಕರ್ ಮತ್ತು ಕೇಳುವವರ ತಲೆ ಸಮಬಾಹು ತ್ರಿಕೋನವಾಗುವಂತೆ, ಟ್ವೀಟರ್ (ತಾರದ ದನಿ ಹೊರಡಿಸುವ ಚಿಕ್ಕ ಘಟಕ) ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಹಿಂಗೋಡೆಗೆ ಹತ್ತಿರವಾದಷ್ಟೂ ಬೇಸ್ ಹೆಚ್ಚುತ್ತದೆ, ಮೂಲೆಗೆ ತಳ್ಳಿದರೆ ಗುಂಯ್‌ಗುಡುತ್ತದೆ. ಒಂದೊಂದು ಗೇಣು ಸರಿಸಿ ಕೇಳಿ ನೋಡುವುದೇ ದಾರಿ.

ಹಳೆಯ ಆಲ್ಬಮ್‌ಗಳು ಇಯರ್‌ಫೋನಿಗಿಂತ ಸ್ಪೀಕರಿನಲ್ಲಿ ಬೇರೆಯಾಗಿ ಕೇಳಿಸುವುದು ಬರೀ ಭಾವನೆಯಲ್ಲ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1957–58ರ ಸುಮಾರಿಗೆ. 1960ರ ದಶಕದಲ್ಲಿ ಧ್ವನಿಮುದ್ರಣ ಯಂತ್ರದಲ್ಲಿ ಟ್ರ್ಯಾಕ್‌ಗಳು (ಬೇರೆ ಬೇರೆ ದನಿಗಳನ್ನು ಬಿಡಿಯಾಗಿ ಹಿಡಿಯುವ ಪಟ್ಟಿಗಳು) ಮೂರೋ ನಾಲ್ಕೋ ಇರುತ್ತಿದ್ದುದರಿಂದ ಗಾಯನವನ್ನು ಪೂರ್ತಿ ಒಂದು ಕಡೆಗೆ, ಡ್ರಮ್ಮನ್ನು ಪೂರ್ತಿ ಇನ್ನೊಂದು ಕಡೆಗೆ ಹಾಕುವುದು ಸಾಮಾನ್ಯವಾಗಿತ್ತು. ಇಯರ್‌ಫೋನಿನಲ್ಲಿ ಎಡಗಿವಿಗೆ ಹೋದದ್ದು ಬಲಗಿವಿಗೆ ತಲುಪುವುದೇ ಇಲ್ಲವಾದ್ದರಿಂದ ಅಂಥ ಮಿಶ್ರಣ ತಲೆಯನ್ನು ಎರಡು ಹೋಳು ಮಾಡಿದಂತೆ ಕೇಳಿಸುತ್ತದೆ. ಕೋಣೆಯಲ್ಲಾದರೆ ಎರಡೂ ಸ್ಪೀಕರ್‌ಗಳ ದನಿ ಎರಡೂ ಕಿವಿಗಳಿಗೆ ಮುಟ್ಟಿ, ಗೋಡೆಗಳ ಪ್ರತಿಫಲನವೂ ಸೇರಿ, ವಾದ್ಯಗಳು ಒಂದೇ ಕೋಣೆಯಲ್ಲಿ ಕುಳಿತಂತಾಗುತ್ತದೆ. ಆ ಸಂಗೀತವನ್ನು ಮಿಶ್ರಣ ಮಾಡಿದವರು ಸ್ಪೀಕರಿನ ಮುಂದೆ ಕುಳಿತೇ ಮಾಡಿದ್ದರು.

ಮೆಲ್ಲಗೆ ಕೇಳುವಾಗ ಬೇಸ್ ಮತ್ತಷ್ಟು ಸೊರಗುವುದು ಕಿವಿಯ ಗುಣ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುವುದು ಅದಕ್ಕಾಗಿಯೇ. ರಾತ್ರಿ ಕಡಿಮೆ ಸದ್ದಿನಲ್ಲಿ ಕೇಳುವಾಗ ಅದನ್ನು ಸಂಕೋಚವಿಲ್ಲದೆ ಒತ್ತಿ. ಸದ್ದು ಹೆಚ್ಚಿಸಿದಾಗ ಬಿಡಿಸಲು ಮರೆಯಬೇಡಿ.

ಉತ್ತರ: ಎರಡನೆಯ ಬದಿ

‘ಕೈಂಡ್ ಆಫ್ ಬ್ಲೂ’ ವಿಷಯದಲ್ಲಿ ನಿಮ್ಮ ಟರ್ನ್‌ಟೇಬಲ್ ನಿರಪರಾಧಿ, ನಿಮ್ಮ ಕಿವಿಯಂತೂ ಬಹಳ ಚೆನ್ನಾಗಿದೆ. ಆ ಆಲ್ಬಮ್ ಎರಡು ದಿನಗಳಲ್ಲಿ ಮುದ್ರಣಗೊಂಡಿತು: 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ನ್ಯೂಯಾರ್ಕಿನ ಕೊಲಂಬಿಯಾ 30ನೇ ಬೀದಿಯ ಸ್ಟುಡಿಯೊದಲ್ಲಿ. ಮೊದಲ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ಚುರುಕಾಗಿ, ಶ್ರುತಿ ಏರಿ ಬರುತ್ತದೆ. ಎಲ್‌ಪಿಯ ಮೊದಲ ಬದಿಯ ಮೂರೂ ರಚನೆಗಳು ಆ ದಿನದವು. ಎರಡನೆಯ ಬದಿ ಏಪ್ರಿಲ್ಲಿನದು, ಆದ್ದರಿಂದ ಅದಕ್ಕೆ ದೋಷ ತಟ್ಟಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಲೋಕವೆಲ್ಲ ಏರಿದ ಶ್ರುತಿಯನ್ನೇ ಕೇಳಿತು. ಅದೇ ಹೊತ್ತಿನಲ್ಲಿ ಜೊತೆಗೆ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪ್ ಸರಿಯಾದ ವೇಗದಲ್ಲಿತ್ತು; 1990ರ ದಶಕದ ಮರುಮುದ್ರಣಗಳಲ್ಲಿ ಅದನ್ನು ಬಳಸಿ ತಿದ್ದಲಾಯಿತು. ತಿದ್ದಿದ ಆವೃತ್ತಿಯಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನುಗಳಿಗೆ ಬೇಕಾದ ತೂಕ ಸಿಗುತ್ತದೆ, ಹಾಗಾಗಿ ನಾನು ಈಗ ಅದನ್ನೇ ಕೇಳುತ್ತೇನೆ.

ನನ್ನ ಮಾತಿನ ತಿರುಳೂ ಇದೇ. ನಾವು ಉಪಕರಣಗಳ ಮೇಲೆ ಹೊರಿಸುವ ವ್ಯತ್ಯಾಸಗಳಲ್ಲಿ ಬಹುಪಾಲು ಆವೃತ್ತಿಗಳ ನಡುವಿನವು. ಬೀಟಲ್ಸ್‌ನ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನೇ ನೋಡಿ. ಅವರು ಹೆಚ್ಚು ಸಮಯ ಕೊಟ್ಟು, ತಾವೇ ಕುಳಿತು ಮಿಶ್ರಣ ಮಾಡಿಸಿದ್ದು ಮೋನೊ (ಎಡ ಬಲ ಎಂಬ ಭೇದವಿಲ್ಲದೆ ಎಲ್ಲ ದನಿಯೂ ಒಂದಾಗಿರುವ) ಆವೃತ್ತಿಯನ್ನು. ಸ್ಟೀರಿಯೊ ಆವೃತ್ತಿಯನ್ನು ನಂತರ ಅವರಿಲ್ಲದೆಯೇ, ಬೇಗನೆ ಮುಗಿಸಲಾಯಿತು. ಅದರ ಒಂದು ಹಾಡಂತೂ ಮೋನೊದಲ್ಲಿ ಸ್ಟೀರಿಯೊಗಿಂತ ಚುರುಕಾಗಿಯೂ ಏರಿದ ಶ್ರುತಿಯಲ್ಲಿಯೂ ಇದೆ. 2017ರಲ್ಲಿ ಅದೇ ಆಲ್ಬಮ್ಮಿನ ಹೊಸ ರೀಮಿಕ್ಸ್ ಬಂತು. ರೀಮಾಸ್ಟರ್ ಮಾಡುವವರು ಸಿದ್ಧವಾದ ಅಂತಿಮ ಟೇಪನ್ನು ಹಸನುಗೊಳಿಸುತ್ತಾರೆ. ರೀಮಿಕ್ಸ್ ಮಾಡುವವರು ಮೂಲದ ಬಿಡಿ ಟ್ರ್ಯಾಕ್‌ಗಳಿಗೇ ಮರಳಿ ಗಾಯನ, ಡ್ರಮ್, ಗಿಟಾರುಗಳ ಜಾಗವನ್ನೂ ಪ್ರಮಾಣವನ್ನೂ ಹೊಸದಾಗಿ ನಿರ್ಧರಿಸುತ್ತಾರೆ. ನಿಮ್ಮ ನೆನಪಿನಲ್ಲಿರುವ ಹಾಡು ಬೇಕಿದ್ದರೆ ಹೊದಿಕೆಯ ಮೇಲೆ ಈ ಎರಡರಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ನೋಡಿಯೇ ಕೊಳ್ಳಬೇಕು.

ರೀಮಾಸ್ಟರ್ ಸಿಡಿ ದಣಿಸುವುದಕ್ಕೆ ಕಾರಣ ಬಹುಶಃ ಅದರ ಸದ್ದಿನ ಮಟ್ಟವೇ. 1990ರ ದಶಕದಿಂದೀಚೆಗೆ ಪಕ್ಕದ ಸಿಡಿಗಿಂತ ತನ್ನದು ಜೋರಾಗಿರಬೇಕೆಂಬ ಪೈಪೋಟಿಯಲ್ಲಿ ಮೆಲುದನಿಗಳನ್ನು ಮೇಲೆತ್ತಿ, ಏರುದನಿಗಳ ತುದಿಗಳನ್ನು ಕತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಅಭ್ಯಾಸ ಬೆಳೆಯಿತು. 2008ರಲ್ಲಿ ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಅದೇ ಹಾಡುಗಳು ಒಂದು ವಿಡಿಯೊ ಗೇಮಿನಲ್ಲಿ ಸಿಡಿಗಿಂತ ಕಡಿಮೆ ಹಿಂಡಿದ ರೂಪದಲ್ಲಿವೆ ಎಂಬುದನ್ನು ಅಭಿಮಾನಿಗಳೇ ಪತ್ತೆ ಹಚ್ಚಿದರು. ಫೋನಿನಲ್ಲಿ, ಗದ್ದಲದ ನಡುವೆ ಈ ಹಿಂಡುವಿಕೆ ಅನುಕೂಲವೇ ಆಗಬಹುದು. ಸ್ಟೀರಿಯೊದ ಮುಂದೆ ಸುಮ್ಮನೆ ಕುಳಿತಾಗ ಮಾತ್ರ ಡ್ರಮ್ಮಿನ ಪೆಟ್ಟಿಗೂ ಪಿಸುಮಾತಿಗೂ ಅಂತರವೇ ಇಲ್ಲದಿರುವುದು ಬಯಲಾಗುತ್ತದೆ. ಎರಡು ಆವೃತ್ತಿಗಳನ್ನು ಹೋಲಿಸುವಾಗ ಜೋರಾಗಿರುವುದರ ಸದ್ದನ್ನು ಇಳಿಸಿ, ಎರಡನ್ನೂ ಸಮಕ್ಕೆ ತಂದು ಕೇಳಿ. ತುಸುವೇ ಜೋರಾಗಿರುವುದೂ ನಮಗೆ ‘ಉತ್ತಮ’ವೆನಿಸಿಬಿಡುತ್ತದೆ.

ಮರುಪ್ರಶ್ನೆ: ಮಂದ್ರಸ್ಥಾಯಿ

ಇಬ್ಬರಿಗೂ ಧನ್ಯವಾದಗಳು. ತ್ರಿಕೋನ ಅವರ ಅನುಮಾನ ನಿಜವಾಗಿದೆ: ಬಲ ಸ್ಪೀಕರಿನ ಫೋಮ್ ಅಂಚು ಕೆಳಭಾಗದಲ್ಲಿ ಸೀಳಿದೆ, ಬೆರಳು ತಾಗಿಸಿದರೆ ಕಪ್ಪು ಪುಡಿಯಾಗಿ ಅಂಟುತ್ತದೆ. ಎರಡೂ ಸ್ಪೀಕರ್‌ಗಳ ಅಂಚನ್ನು ಒಟ್ಟಿಗೇ ಬದಲಿಸುವುದೆಂದು ನಿರ್ಧರಿಸಿದ್ದೇನೆ. ಸದ್ದನ್ನು ಸಮಕ್ಕೆ ತಂದು ಕೇಳಿದಾಗ ರೀಮಾಸ್ಟರ್ ಸಿಡಿಯ ಭರ್ಜರಿತನ ಬಹುಮಟ್ಟಿಗೆ ಇಳಿದುಹೋಯಿತು.

ಇನ್ನೊಂದು ಸಂದೇಹವಿದೆ. ಹಲವು ಎಲ್‌ಪಿಗಳಲ್ಲಿ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರಗಳು ಉಜ್ಜಿದಂತೆ ಕರ್ಕಶವಾಗುತ್ತವೆ, ಮೊದಲ ಹಾಡುಗಳಲ್ಲಿ ಹಾಗಾಗುವುದಿಲ್ಲ. ಕ್ಯಾಸೆಟ್‌ಗಳಂತೂ ಕಂಬಳಿ ಹೊದ್ದು ಹಾಡಿದ ಹಾಗಿವೆ. ಇವು ಸವೆದುಹೋಗಿವೆಯೇ?

ಉತ್ತರ: ಸೂಜಿಮೊನೆ

ಸವೆದಿರಲೂಬಹುದು, ಆದರೆ ಅದಕ್ಕೆ ಮುನ್ನ ನೋಡಬೇಕಾದದ್ದು ಬಹಳಷ್ಟಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅದು ಬದಲಾಗುವುದಿಲ್ಲ. ಆದರೆ ಸೂಜಿ ಒಳಕ್ಕೆ ಬಂದಂತೆ ಸುತ್ತು ಚಿಕ್ಕದಾಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು (ಸಂಗೀತವನ್ನು ಕೆತ್ತಿದ ಸುರುಳಿ) ಹಾದುಹೋದರೆ, ಒಳ ಅಂಚಿನಲ್ಲಿ ಹಾದುಹೋಗುವುದು ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಾಗ ತಾರದ ಅಲೆಗಳು ಇಕ್ಕಟ್ಟಾಗುತ್ತವೆ. ಸವೆದ ಅಥವಾ ಓರೆಯಾಗಿ ಕೂತ ಸೂಜಿ ಆ ತಿರುವುಗಳಲ್ಲಿ ತಡವರಿಸುತ್ತದೆ. ಬದಿಯ ಕೊನೆಗೆ ಮೆಲುವಾದ ಹಾಡನ್ನಿಡುವ ಪದ್ಧತಿಗೆ ಇದೂ ಒಂದು ಕಾರಣ.

ಆದ್ದರಿಂದ ಸೂಜಿಯನ್ನು ಬದಲಿಸಿ. ಅಟ್ಟದಲ್ಲಿದ್ದ ಯಂತ್ರದ ಸೂಜಿ ಎಷ್ಟು ಓಡಿದೆ ಎಂದು ಯಾರಿಗೂ ನೆನಪಿರುವುದಿಲ್ಲ, ಸವೆದ ಸೂಜಿ ಗೀರನ್ನೇ ಕೆತ್ತಿ ಕೆಡಿಸುತ್ತದೆ. ಹೊಸದನ್ನು ಹಾಕುವಾಗ ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ಜಿನ ಕೋನವನ್ನು ಅಳತೆಪಟ್ಟಿ ಇಟ್ಟು ಹೊಂದಿಸಿ. ಸೂಜಿ ತಟ್ಟೆಯ ಮೇಲೆ ಒತ್ತುವ ಭಾರವನ್ನು ಅದರ ತಯಾರಕರು ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ ಅದು 2 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಭಾರ ಕಡಿಮೆಯಿದ್ದರೆ ತಟ್ಟೆಗೆ ಒಳ್ಳೆಯದೆಂಬ ನಂಬಿಕೆ ತಪ್ಪು, ಹಗುರಾದ ಸೂಜಿ ಗೀರಿನೊಳಗೆ ಕುಪ್ಪಳಿಸಿ ಹೆಚ್ಚು ಹಾನಿ ಮಾಡುತ್ತದೆ. ಟರ್ನ್‌ಟೇಬಲ್ಲಿನ ತಂತಿಯನ್ನು ‘ಫೋನೊ’ ಎಂದು ಬರೆದ ಜಾಗಕ್ಕೇ ಸಿಕ್ಕಿಸಿದ್ದೀರೆಂದು ಭಾವಿಸುತ್ತೇನೆ. ಎಲ್‌ಪಿ ಕೆತ್ತುವಾಗ ಬೇಸನ್ನು ತಗ್ಗಿಸಿ ಟ್ರೆಬಲನ್ನು (ತಾರದ ದನಿಯನ್ನು) ಏರಿಸಿರುತ್ತಾರೆ, ಅದನ್ನು ಮರಳಿ ಸಮಗೊಳಿಸುವ ವ್ಯವಸ್ಥೆ ಇರುವುದು ಆ ಜಾಗದಲ್ಲಿ ಮಾತ್ರ. ಮೋನೊ ಎಲ್‌ಪಿಗಳಿದ್ದರೆ ಆಂಪ್ಲಿಫೈಯರಿನ ಮೋನೊ ಗುಂಡಿಯನ್ನು ಒತ್ತಿ ಕೇಳಿ. ಅವುಗಳಲ್ಲಿ ಸಂಗೀತವಿರುವುದು ಗೀರಿನ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗಿನ ಚಲನೆಯಲ್ಲಿರುವುದು ಬರೀ ಚಟಪಟ ಸದ್ದು, ಗುಂಡಿ ಒತ್ತಿದೊಡನೆ ಅದು ಅಳಿದುಹೋಗುತ್ತದೆ.

ಕ್ಯಾಸೆಟ್ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ. ಆಮೇಲೂ ಮಂಕಾಗಿದ್ದರೆ ಹೆಡ್ಡಿನ ಓರೆ ತಪ್ಪಿರಬಹುದು. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಮೋನೊದಲ್ಲಿ ಕೇಳುತ್ತ, ತಾಳದ ಝೇಂಕಾರ ಅತ್ಯಂತ ಸ್ಫುಟವಾಗುವ ಜಾಗದಲ್ಲಿ ನಿಲ್ಲಿಸಬೇಕು. ಅಷ್ಟರವರೆಗೆ ಟೇಪಿನ ಹಿನ್ನೆಲೆಯ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಆರಿಸಿಡಿ. ತಾರದ ದನಿ ಕುಗ್ಗಿರುವಾಗ ಡಾಲ್ಬಿ ಅದನ್ನು ಹಿನ್ನೆಲೆಯ ಸದ್ದೆಂದು ಭ್ರಮಿಸಿ ಇನ್ನಷ್ಟು ಕುಗ್ಗಿಸುತ್ತದೆ.

ಉತ್ತರ: ಸಾವಧಾನ

ಮೇಲಿನ ತಾಂತ್ರಿಕ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ‘ವ್ಯತ್ಯಾಸಗಳಲ್ಲಿ ಬಹುಪಾಲು ಆವೃತ್ತಿಗಳ ನಡುವಿನವು’ ಎಂಬ ಮಾತನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ಮೂಲ ಪ್ರಶ್ನೆಯಲ್ಲೇ ಇನ್ನೊಂದು ಕಾರಣವಿದೆ: ಮೊದಲು ಬೇರೆ ಕೆಲಸದ ನಡುವೆ ಕೇಳುತ್ತಿದ್ದವರು ಈಗ ಪೂರ್ತಿಯಾಗಿ ಕುಳಿತು ಕೇಳುತ್ತಿದ್ದಾರೆ. ಗಾಯಕಿಯ ಉಸಿರು ಆ ಫೋನಿನಲ್ಲೂ ಇತ್ತು. ಅದೇ ಇಯರ್‌ಫೋನನ್ನು ಹಾಕಿಕೊಂಡು, ಕಣ್ಣು ಮುಚ್ಚಿ, ಅದೇ ಹಾಡನ್ನು ಮತ್ತೊಮ್ಮೆ ಕೇಳಿದರೆ ಗಮನದ ಪಾಲೆಷ್ಟು, ಸ್ಪೀಕರಿನ ಪಾಲೆಷ್ಟು ಎಂಬುದು ಅವರಿಗೇ ತಿಳಿಯುತ್ತದೆ.

ಆಲ್ಬಮ್ಮಿನ ಹಾಡುಗಳ ಅನುಕ್ರಮದ ಬಗ್ಗೆ ಯಾರೂ ಹೇಳಲಿಲ್ಲ. ಎಲ್‌ಪಿಯ ಒಂದು ಬದಿಗೆ ಹಿಡಿಸುವುದು ಇಪ್ಪತ್ತು ಚಿಲ್ಲರೆ ನಿಮಿಷ. ಆ ಅಳತೆಗೆ ತಕ್ಕಂತೆ ಹಾಡುಗಳನ್ನು ಜೋಡಿಸಿ, ಎದ್ದು ಹೋಗಿ ತಟ್ಟೆ ತಿರುವಿ ಹಾಕುವಾಗಿನ ಬಿಡುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಸಿಡಿಯಲ್ಲಿ ಆ ಬಿಡುವು ಮಾಯವಾಗಿ, ಎರಡನೆಯ ಬದಿಯ ಆರಂಭಕ್ಕೆಂದೇ ಇಟ್ಟ ಹಾಡು ನಡುವಿನ ಐದನೆಯದೋ ಆರನೆಯದೋ ಆಗಿಬಿಡುತ್ತದೆ. ಸಪ್ಪೆಯೆನಿಸಿದ ಆಲ್ಬಮ್‌ಗಳನ್ನು ಸಿಡಿಯಲ್ಲಿ ಕೇಳಿದ್ದರೆ, ಮೊದಲ ಬದಿ ಮುಗಿಯುವ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿ ನೋಡಿ. ಎಲ್‌ಪಿಯೇ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. 16 ಬಿಟ್‌ನ ಸಿಡಿ ಅತಿ ಮೆಲ್ಲನೆಯ ದನಿಯಿಂದ ಅತಿ ಜೋರಿನದರವರೆಗೆ ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನು ಹಿಡಿದಿಡಬಲ್ಲದು, ಎಲ್‌ಪಿಗೆ ಅದು ನಿಲುಕದು.

‘ಕೈಂಡ್ ಆಫ್ ಬ್ಲೂ’ ಎಲ್‌ಪಿಯನ್ನು ಮಾತ್ರ ಯಾರಿಗೂ ಕೊಡಬೇಡಿ. ತಿದ್ದಿದ ಶ್ರುತಿ ಸರಿಯಾದದ್ದೇ ಇರಬಹುದು. ಆದರೆ 1959ರಿಂದ ಮೂರು ದಶಕಗಳ ಕಾಲ ಆ ಆಲ್ಬಮ್ಮಿನ ಜೊತೆಗೆ ನುಡಿಸಿ ಕಲಿತ ವಾದಕರೆಲ್ಲ ತಮ್ಮ ವಾದ್ಯವನ್ನು ಶ್ರುತಿ ಮಾಡಿಕೊಂಡಿದ್ದು ನಿಮ್ಮ ಬಳಿ ಇರುವ ಮೊದಲ ಬದಿಯಂಥದ್ದಕ್ಕೇ.